ಕುಸುಮಾವತಿಯ ನಿದ್ದೆ

ಹೋದ ತಿಂಗಳು ನಾನು ಈಗ ಕೆಲಸ ಮಾಡುವ ದಾವಣಗೆರೆಯ ಆಸ್ಪತ್ರೆಯಲ್ಲಿ ಹಳೆಯ ಉಗ್ರಾಣ ಖಾಲಿ ಮಾಡಿಸುತ್ತಿದ್ದರು. ಒಂದು ತಗಡಿನ ಪೆಟ್ಟಿಗೆಯಿಂದ ನಾಲ್ಕೈದು ಕಪ್ಪು ರಬ್ಬರಿನ ಮಾಸ್ಕುಗಳು ಹೊರಬಂದವು. ರೋಗಿಯ ಮೂಗು ಬಾಯಿಗೆ ಒತ್ತಿಹಿಡಿದು ಅರಿವಳಿಕೆಯ ಅನಿಲ ಕೊಡುತ್ತಿದ್ದ ಕಾಲದವು. ಈಗ ಎಲ್ಲ ಪಾರದರ್ಶಕ ಪ್ಲಾಸ್ಟಿಕ್ಕು. ಒಂದನ್ನು ಎತ್ತಿ ಮೂಸಿದೆ. ರಬ್ಬರು ಹಳತಾಗಿ ಬಿರುಕು ಬಿಟ್ಟಿದ್ದರೂ ವಾಸನೆ ಹೋಗಿರಲಿಲ್ಲ. ಸುಳ್ಯದ ಕಡೆಯ ಗುತ್ತಿಗಾರಿನ ಒಂದು ಮನೆಯ ಅಂಗಳ ಕಣ್ಣೆದುರು ಬಂತು. ತಂತಿಯ ಮೇಲೆ ಬಟ್ಟೆಯ ಹಾಗೆ ಒಣಹಾಕಿದ ರಬ್ಬರ್ ಶೀಟುಗಳು, ಅವುಗಳ ನಡುವೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಕುಸುಮಾವತಿ. ಪೆಟ್ಟಿಗೆಯನ್ನು ಗುಜರಿಗೆ ಕಳಿಸಿ ಎಂದು ಹೇಳಿ ನನ್ನ ಕೋಣೆಗೆ ಬಂದು ಕೂತೆ. ಆ ದಿನ ಬೇರೆ ಯಾವ ಕೆಲಸವೂ ಸರಿಯಾಗಿ ಆಗಲಿಲ್ಲ.

ನಾನು ಪುತ್ತೂರಿನಲ್ಲಿದ್ದದ್ದು ಒಂದೇ ವರ್ಷ. ಮದುವೆ ಮುರಿದು ಕೆಲವು ತಿಂಗಳಾಗಿತ್ತು, ಅಮ್ಮ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ದಾವಣಗೆರೆಯಲ್ಲಿ ಎದುರಾದವರೆಲ್ಲ ಎರಡರಲ್ಲಿ ಒಂದನ್ನು ವಿಚಾರಿಸುತ್ತಿದ್ದರು. ಯಾರೂ ಏನೂ ಕೇಳದ ಊರು ಬೇಕಿತ್ತು. ಪುತ್ತೂರು, ಸುಳ್ಯ, ಕಡಬದ ಕಡೆ ಅರಿವಳಿಕೆ ಕೊಡುವ ವೈದ್ಯರಿಗೆ ಬಿಡುವೇ ಇರುವುದಿಲ್ಲ ಎಂದು ನನ್ನ ಜೊತೆ ಓದಿದವರೊಬ್ಬರು ಹೇಳಿದ್ದರು. ಬೊಳುವಾರಿನ ಹತ್ತಿರ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದು, ಒಂದು ಚೀಲದಲ್ಲಿ ಅರಿವಳಿಕೆಯ ಸಾಮಾನು ತುಂಬಿಕೊಂಡು ಕಾರಿನಲ್ಲಿ ಓಡಾಡತೊಡಗಿದೆ. ನನ್ನಂಥವರಿಗೆ ಸ್ವಂತ ಆಸ್ಪತ್ರೆ ಇರುವುದಿಲ್ಲ. ಫೋನು ಬಂದಲ್ಲಿಗೆ ಹೋಗಬೇಕು. ಬೆಳಿಗ್ಗೆ ಪುತ್ತೂರಿನಲ್ಲಿ ಹರ್ನಿಯಾ, ಹತ್ತೂವರೆಗೆ ಸವಣೂರಿನ ದಾರಿಯಾಗಿ ಕಡಬಕ್ಕೆ ಹೋಗಿ ಒಂದು ಸಿಸೇರಿಯನ್, ಅಲ್ಲಿಂದ ಸುಳ್ಯಕ್ಕೆ.

ಕೆಲಸ ತುಂಬಾ ಇತ್ತು, ಜನ ಇರಲಿಲ್ಲ. ಸುತ್ತಲಿನವರು ತುಳುವಿನಲ್ಲಿ ಮಾತಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗುತ್ತಿದ್ದರು; ಅಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಕೆಳಗಿನ ಮನೆಯ ಅಮ್ಮ ದಿನವೂ ಮೆಟ್ಟಿಲ ಹತ್ತಿರ ನಿಂತು ‘ವಣಸ್ ಆಂಡಾ?’ ಎಂದು ಊಟವಾಯಿತೇ ಎಂದು ಕೇಳುತ್ತಿದ್ದರು. ‘ಆಂಡ್’ ಎನ್ನುತ್ತಿದ್ದೆ. ಎಷ್ಟೋ ದಿನ ಅದು ಸುಳ್ಳು.

ನನ್ನ ವೃತ್ತಿಯಲ್ಲೇ ಒಂದು ಬಗೆಯ ಒಂಟಿತನ ಇದೆ. ಆಪರೇಷನ್ನಿಗೆ ಬಂದವರು ಕೊನೆಯದಾಗಿ ನೋಡುವ ಮುಖ ನನ್ನದು. ಭಯದಲ್ಲಿ ಅವರು ಗಂಡನಿಗೂ ಹೇಳದ್ದನ್ನು ನನ್ನ ಹತ್ತಿರ ಹೇಳುತ್ತಾರೆ. ಆದರೆ ಭಯ ಕಡಿಮೆಯಾಗಲೆಂದು ನಾವು ಕೊಡುವ ಒಂದು ಔಷಧಿ ಆ ನಿಮಿಷಗಳನ್ನೇ ನೆನಪಿನಲ್ಲಿ ಉಳಿಯಗೊಡುವುದಿಲ್ಲ. ಪಂಜದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಕೈ ಹಿಡಿದುಕೊಂಡು, ಚಿಕ್ಕಂದಿನಲ್ಲಿ ಹೊಳೆಯಲ್ಲಿ ಹೋದ ತಂಗಿಯ ಹೆಸರು ಹೇಳಿ ಅತ್ತಿದ್ದರು. ವಾರ ಬಿಟ್ಟು ಮೆಡಿಕಲ್ ಅಂಗಡಿಯಲ್ಲಿ ಎದುರಾದಾಗ, ಸ್ವಲ್ಪ ಸರಿದು ನಿಲ್ಲಿ ಅಂತ ಹೇಳಿ ನನ್ನನ್ನು ದಾಟಿ ಹೋದರು.

ಅದು ಅಲ್ಲಿಯವರು ಆಟಿ ಎನ್ನುವ ತಿಂಗಳು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಸುಳ್ಯದಲ್ಲಿ ಬೆಳಗಿನ ಕೆಲಸ ಮುಗಿಸಿ ಜಾಲ್ಸೂರಿನ ಹೋಟೆಲೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಹೊರಗೆ ಕಾಸರಗೋಡಿನ ಬಸ್ಸು ಜನ ಇಳಿಸುತ್ತಿತ್ತು. ಆಗ ವಸಂತಿ ಮೇಡಂ ಫೋನು ಮಾಡಿದರು. ಅವರು ಸುಳ್ಯದ ಕಡೆ ಒಂದು ಚಿಕ್ಕ ಹೆರಿಗೆ ಆಸ್ಪತ್ರೆ ನಡೆಸುವ ವೈದ್ಯೆ, ಅರವತ್ತು ಸಮೀಪಿಸಿದವರು. ಅವರ ದನಿ ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗುತ್ತಿಗಾರಿನ ಹೆಂಗಸು, ಬಸಿರು ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ಬೆಳೆದು ಒಡೆದಿದೆ, ಹೊಟ್ಟೆ ತುಂಬ ರಕ್ತ, ಮಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಹೋಗುತ್ತಾಳೆ ಎಂದರು. ಎಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಎದ್ದೆ.

ಮೇಜಿನ ಮೇಲಿದ್ದವಳಿಗೆ ಮೂವತ್ತೈದು ಮೂವತ್ತಾರು ವರ್ಷ. ತುಟಿ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಹೆಸರು ಕುಸುಮಾವತಿ, ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಎಂದು ನರ್ಸ್ ಹೇಳಿದಳು. ಆ ಹೊತ್ತಿನಲ್ಲೂ ಅವಳು ನನ್ನ ಕಡೆ ಕಣ್ಣು ತಿರುಗಿಸಿ, ‘ನನಗೆ ಎಂತ ಆಗಿದೆ ಮೇಡಂ?’ ಎಂದು ಕೇಳಿದಳು. ಅವಳು ಬಸುರಿ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ. ವರಾಂಡದಲ್ಲಿ ಕಾಗದಕ್ಕೆ ಸಹಿ ಹಾಕಿದ ಗಂಡನಿಗೆ ಹೇಳಿದ್ದರು, ಅವಳಿಗೆ ಹೇಳುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ. ಎಲ್ಲ ಸರಿಯಾಗುತ್ತೆ, ನಿದ್ದೆ ಮಾಡಿ ಎಂದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಕೊಡುವುದನ್ನು ಜನ ಒಂದೇ ಇಂಜೆಕ್ಷನ್ ಎಂದುಕೊಳ್ಳುತ್ತಾರೆ. ಅದು ಮೂರು ಬೇರೆ ಬೇರೆ ಕೆಲಸ. ಒಂದು ಅರಿವನ್ನು ತೆಗೆಯುತ್ತದೆ, ಒಂದು ನೋವನ್ನು ತೆಗೆಯುತ್ತದೆ, ಒಂದು ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುತ್ತದೆ. ಮೂರನೆಯದು ಸೇರಿದ ಮೇಲೆ ರೋಗಿ ರೆಪ್ಪೆ ಅಲುಗಿಸಲಾರ, ತಾನಾಗಿ ಉಸಿರಾಡಲಾರ, ಯಂತ್ರ ಉಸಿರಾಡಿಸುತ್ತದೆ. ಮೊದಲನೆಯದು ಕಡಿಮೆಯಾಗಿ ಮೂರನೆಯದು ಪೂರ್ತಿಯಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಕಷ್ಟ ಏನೆಂದರೆ, ಅರಿವು ತೆಗೆಯುವ ಔಷಧಿ ರಕ್ತದೊತ್ತಡವನ್ನೂ ಕೆಳಗಿಳಿಸುತ್ತದೆ. ಆ ದಿನ ಕುಸುಮಾವತಿಗೆ ಇಳಿಸುವಷ್ಟು ಒತ್ತಡವೇ ಉಳಿದಿರಲಿಲ್ಲ. ನಿದ್ದೆಯ ಔಷಧಿಯನ್ನು ಅರ್ಧಕ್ಕಿಂತ ಕಡಿಮೆ ಕೊಟ್ಟೆ. ಹೊಟ್ಟೆ ತೆರೆದ ಕೂಡಲೇ ಒತ್ತಡ ಯಂತ್ರಕ್ಕೆ ಸಿಗದಷ್ಟು ಕುಸಿಯಿತು. ನಿದ್ದೆಯನ್ನು ಮುಂದುವರಿಸುವ ಅನಿಲವನ್ನು ಪೂರ್ತಿ ನಿಲ್ಲಿಸಿದೆ, ಬರೀ ಆಮ್ಲಜನಕ. ಜೀವ ಉಳಿಯಲಿ, ಉಳಿದದ್ದು ಆಮೇಲೆ ಎಂದುಕೊಂಡೆ. ಅಷ್ಟರವರೆಗೆ ನಾನು ಮಾಡಿದ್ದು ತಪ್ಪಲ್ಲ. ಯಾರಾದರೂ ಅದನ್ನೇ ಮಾಡುತ್ತಿದ್ದರು.

ವಸಂತಿ ಮೇಡಂ ಒಡೆದ ನಾಳಕ್ಕೆ ಕ್ಲ್ಯಾಂಪು ಹಾಕಿದರು. ಎರಡನೇ ಬಾಟಲಿ ರಕ್ತ ಇಳಿಯುತ್ತಿದ್ದಂತೆ ಒತ್ತಡ ಮೆಲ್ಲಗೆ ಏರಿತು. ಆಗಲೇ ನಾನು ಅನಿಲದ ಗುಂಡಿಯನ್ನು ಮತ್ತೆ ತಿರುಗಿಸಬೇಕಿತ್ತು. ಕರೆಂಟು ಹೋಗಿ ಜನರೇಟರ್ ಹಿಡಿಯುವವರೆಗೆ ಕೈಯಲ್ಲಿ ಉಸಿರು ಕೊಟ್ಟೆ, ಮೂರನೇ ಬಾಟಲಿಗೆ ಫೋನು ಮಾಡಿಸಿದೆ, ಮೂತ್ರದ ಚೀಲ ನೋಡಿದೆ. ಗುಂಡಿ ಸೊನ್ನೆಯಲ್ಲೇ ಉಳಿಯಿತು. ಹತ್ತು ನಿಮಿಷ ಇರಬಹುದು, ಹನ್ನೆರಡೂ ಇರಬಹುದು. ಅವಳ ಎಡಗಣ್ಣಿಗೆ ಅಂಟಿಸಿದ್ದ ಟೇಪಿನ ಅಡಿಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಹತ್ತಿಯಲ್ಲಿ ಒರೆಸಿದೆ. ಅರಿವು ಪೂರ್ತಿ ಹೋಗದಿದ್ದರೆ ಕಾಣುವ ಗುರುತುಗಳಲ್ಲಿ ಕಣ್ಣೀರೂ ಒಂದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಆದರೂ ಒರೆಸಿದೆನೇ ಹೊರತು ಯೋಚಿಸಲಿಲ್ಲ. ಅಷ್ಟರಲ್ಲಿ ಮೇಡಂ, ಹೊಟ್ಟೆ ಸ್ವಲ್ಪ ಬಿಗಿ ಆಗ್ತಾ ಉಂಟು, ಪೇಷಂಟ್ ಸರಿ ಉಂಟಲ್ಲ ಎಂದು ಕೇಳಿದರು. ಸ್ನಾಯು ಸಡಿಲಿಸುವ ಔಷಧಿಯನ್ನೇ ಇನ್ನಷ್ಟು ಕೊಟ್ಟು ನಾನು ಹೇಳಿದೆ:

‘ಅವರಿಗೇನೂ ಗೊತ್ತಾಗಲ್ಲ ಮೇಡಂ, ನೀವು ಮಾಡಿ.’

ಆಮೇಲೆ ಗುಂಡಿ ನೆನಪಾಯಿತು, ತಿರುಗಿಸಿದೆ. ಕುಸುಮಾವತಿ ಬದುಕಿದಳು. ಸಂಜೆ ವಸಂತಿ ಮೇಡಂ ನನಗೆ ತಾವೇ ಕಾಫಿ ತಂದುಕೊಟ್ಟು, ಇವತ್ತು ನೀವು ಇಲ್ಲದಿದ್ದರೆ ಹೋಗ್ತಿದ್ದಳು ಎಂದರು. ಆ ವರ್ಷ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ. ಆ ಮಾತನ್ನು ನೆನೆದುಕೊಂಡೇ ಪುತ್ತೂರಿನವರೆಗೆ ಕಾರು ಓಡಿಸಿದೆ.

ಮೂರು ವಾರ ಕಳೆದ ಮೇಲೆ ಮೇಡಂ ಮತ್ತೆ ಫೋನು ಮಾಡಿದರು, ಈ ಸಲ ಮೆಲುದನಿಯಲ್ಲಿ. ಆ ಗುತ್ತಿಗಾರಿನ ಪೇಷಂಟ್ ಎಂತೆಂತದ್ದೋ ಹೇಳ್ತಾ ಇದ್ದಾಳೆ, ಆಪರೇಷನ್ ನಡೆಯುವಾಗ ಎಚ್ಚರ ಇತ್ತಂತೆ. ನಾನು ಅದು ಕನಸು, ಔಷಧಿಯಿಂದ ಹಾಗೆಲ್ಲ ಬೀಳುತ್ತದೆ ಅಂತ ಹೇಳಿದ್ದೇನೆ. ನಿಮ್ಮ ವಿಳಾಸ ಕೇಳಿಕೊಂಡು ಹೋಗಿದ್ದಾರೆ, ಬಂದರೆ ನೀವೂ ಅಷ್ಟೇ ಹೇಳಿ ಎಂದರು. ಅವರನ್ನು ದೂರುವುದು ನನ್ನಿಂದ ಆಗುವುದಿಲ್ಲ. ಮೂವತ್ತು ವರ್ಷ ಒಬ್ಬರೇ ನಡೆಸಿದ ಆಸ್ಪತ್ರೆ ಅದು. ಬದುಕಿಸಿದ ರೋಗಿಯೇ ದೂರು ಹೇಳಿದರೆ ಯಾರಿಗೂ ಹಾಗೇ ಅನಿಸುತ್ತದೆ. ಆಯಿತು ಎಂದೆ.

ಗಂಡ ಹೆಂಡತಿ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಬಂದರು. ನಾನು ಆ ದಿನ ಕೆಲಸಕ್ಕೆ ಹೋಗಿದ್ದ ಪುತ್ತೂರಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವರೂ ಕೂತೆವು. ಗಂಡ ಜನಾರ್ದನ ಪಿಕಪ್ ಗಾಡಿ ಓಡಿಸುವವರು, ಮಾತು ಕಡಿಮೆ. ಅವರೇ ಮೊದಲು ಬಾಯಿಬಿಟ್ಟರು. ಹೆಂಡತಿ ಮಲಗುವುದೇ ಇಲ್ಲ. ಕಣ್ಣು ಮುಚ್ಚಿದರೆ ಉಸಿರು ನಿಲ್ಲುತ್ತದೆ ಎಂದು ಎದ್ದು ಕೂರುತ್ತಾಳೆ. ಎಂಟು ವರ್ಷದ ಮಗಳು ಅಮ್ಮನ ಪಕ್ಕ ಮಲಗಲು ಹೆದರುತ್ತಾಳೆ. ಎಲ್ಲರೂ ಕನಸು ಅಂತ ಹೇಳಿದರೂ ಕೇಳುವುದಿಲ್ಲ ಎಂದರು. ಕುಸುಮಾವತಿ ಅಷ್ಟು ಹೊತ್ತೂ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು.

‘ನಾನು ಜಗಳಕ್ಕೆ ಬಂದದ್ದಲ್ಲ ಮೇಡಂ,’ ಎಂದಳು. ‘ಒಂದು ವಿಷಯ ಕೇಳ್ಲಿಕ್ಕೆ ಉಂಟು.’

ಆಮೇಲೆ ಅವಳು ನಡೆದದ್ದನ್ನು ಕ್ರಮವಾಗಿ ಹೇಳಿದಳು, ಹಾಲಿನ ಪರೀಕ್ಷೆಯ ಫಲ ಓದುವ ಹಾಗೆ, ದನಿ ಏರಿಸದೆ. ಮೊದಲು ಎಲ್ಲ ಕತ್ತಲೆ. ಆಮೇಲೆ ತಟ್ಟೆಗೆ ಕಬ್ಬಿಣ ಬಿದ್ದ ಸದ್ದು. ಹೊಟ್ಟೆಯೊಳಗೆ ಯಾರೋ ಚೀಲದಲ್ಲಿ ಹುಡುಕಿದ ಹಾಗೆ ಎಳೆದಾಟ. ನೋವು ಇತ್ತು, ಆದರೆ ದೂರದಲ್ಲಿ ಇದ್ದ ಹಾಗೆ. ನೋವಿಗಿಂತ ಉಸಿರು ಕಷ್ಟವಾಯಿತು. ತನಗೆ ಬೇಕಾದಾಗ ಎಳೆದುಕೊಳ್ಳಲು ಆಗದು, ಬೇರೆ ಯಾರೋ ಒಳಗೆ ತಳ್ಳುತ್ತಿದ್ದಾರೆ. ಸತ್ತ ಮೇಲೆ ಹೀಗೇ ಇರುವುದೇನೋ, ನಾನು ಸತ್ತಿದ್ದೇನೆ ಎಂದುಕೊಂಡಳಂತೆ. ಆಗ ಯಾರೋ ಕರೆಂಟು ಹೋಯಿತು ಎಂದರು. ಸತ್ತವರಿಗೆ ಕರೆಂಟು ಹೋದದ್ದು ತಿಳಿಯುವುದಿಲ್ಲ ಅನಿಸಿತು.

‘ಆಪರೇಷನ್ ಮಾಡ್ತಾ, ಎರಡು ತಿಂಗಳಿದ್ದು ಇರಬೇಕು ಅಂತ ವಸಂತಿ ಮೇಡಂ ಹೇಳಿದ್ರು. ನನ್ನ ಹೊಟ್ಟೆಯಲ್ಲಿ ಇತ್ತು ಅಂತ ನನಗೆ ಗೊತ್ತಾದ್ದೇ ಆಗ. ಆರು ವರ್ಷದಿಂದ ನಾವು ಇನ್ನೊಂದಕ್ಕೆ ಕಾಯ್ತಾ ಇದ್ದದ್ದು.’ ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ‘ಅದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ನೀವು ಒರೆಸಿದ್ರಿ. ಆಗ ನಿಮಗೆ ಗೊತ್ತಾಯ್ತು ಅಂತ ಎಣಿಸಿದೆ. ಇನ್ನು ಎಂತಾದ್ರೂ ಮಾಡ್ತಾರೆ ಅಂತ. ಮತ್ತೆ ನೀವು, ಅವರಿಗೇನೂ ಗೊತ್ತಾಗಲ್ಲ, ಅಂತ ಹೇಳಿದ್ರಿ.’

ಅವಳು ಮುಂದುವರಿಸಿದಳು.

‘ಎಲ್ಲರೂ ಕನಸು ಅಂತ ಹೇಳ್ತಾರೆ. ಆದ್ರೆ ನಮ್ಮಲ್ಲಿ ಯಾರೂ ಗೊತ್ತಾಗಲ್ಲ ಅಂತ ಹೇಳುದಿಲ್ಲ ಮೇಡಂ. ಗೊತ್ತಾಗುದಿಲ್ಲ ಅಂತ ಹೇಳುದು. ನನ್ನ ಕನಸಿನಲ್ಲಿ ಘಟ್ಟದ ಮೇಲಿನ ಮಾತು ಎಲ್ಲಿಂದ ಬರುದು?’

ವಸಂತಿ ಮೇಡಂಗೆ ಆಯಿತು ಎಂದಿದ್ದೆ. ಆ ವಾಕ್ಯ ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಅದನ್ನು ಹೇಳಿದ್ದರೆ ಇಬ್ಬರೂ ಮೂರು ಗಂಟೆಯ ಬಸ್ಸಿಗೆ ಎದ್ದು ಹೋಗುತ್ತಿದ್ದರು, ನನ್ನ ಕೆಲಸ ಹಾಗೇ ನಡೆಯುತ್ತಿತ್ತು. ಎದುರಿಗಿದ್ದ ಹೆಂಗಸು ಆ ಹತ್ತು ನಿಮಿಷ ತುಂಬಿದ ಕೋಣೆಯಲ್ಲಿ ಒಬ್ಬಂಟಿಯಾಗಿದ್ದವಳು. ಮೂರು ವಾರದಿಂದ ಮನೆಯಲ್ಲೂ ಅವಳು ಹಾಗೇ ಇದ್ದಾಳೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು.

‘ಕನಸಲ್ಲ ಕುಸುಮಾವತಿ,’ ಎಂದೆ. ‘ನೀವು ಎಚ್ಚರವಾಗಿದ್ರಿ. ತಪ್ಪು ನನ್ನದು.’

ಅವಳು ಅಳಲಿಲ್ಲ. ಗಂಡನ ಕಡೆ ತಿರುಗಿ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಒಂದೆರಡು ಮಾತು ಹೇಳಿದಳು. ನನಗೆ ಅರ್ಥವಾಗಲಿಲ್ಲ. ಜನಾರ್ದನ ತಲೆ ತಗ್ಗಿಸಿ ನನಗೆ ಕನ್ನಡದಲ್ಲಿ, ಇವಳಿಗೆ ತಲೆ ಕೆಟ್ಟಿದೆ ಅಂತ ನಾನೂ ಎಣಿಸಿಬಿಟ್ಟಿದ್ದೆ ಎಂದರು. ನಡೆದದ್ದನ್ನೆಲ್ಲ ಹೇಳಿದೆ: ಒತ್ತಡ ಕುಸಿದದ್ದು, ಅನಿಲ ನಿಲ್ಲಿಸಿದ್ದು, ಮತ್ತೆ ತೆರೆಯಲು ತಡಮಾಡಿದ್ದು. ಮೊದಲನೆಯದು ಜೀವ ಉಳಿಸಲು, ಕೊನೆಯದು ನನ್ನ ಮರೆವು ಎಂದು ಬೇರೆ ಬೇರೆ ಮಾಡಿಯೇ ಹೇಳಿದೆ.

ಕುಸುಮಾವತಿಗೆ ಇನ್ನೊಂದು ಪ್ರಶ್ನೆ ಇತ್ತು. ಉಳಿದ ರೋಗಿಗಳಿಗೆ ಕೇಳುವುದಿಲ್ಲ ಎಂದರೆ ಅವರ ಕಿವಿ ಸತ್ತಿರುತ್ತದೆಯೇ? ನನಗೆ ತಿಳಿದಷ್ಟು ಹೇಳಿದೆ. ಕಿವಿ ಸಾಯುವುದಿಲ್ಲ. ಸದ್ದು ಒಳಗೆ ಹೋಗುತ್ತದೆ, ಮೆದುಳಿನಲ್ಲಿ ಸದ್ದು ಕೇಳುವ ಭಾಗ ಅದನ್ನು ಪಡೆದುಕೊಳ್ಳುತ್ತದೆ ಕೂಡ. ಎಚ್ಚರವಾಗಿರುವಾಗ ಆ ಭಾಗ ಬೇರೆ ಭಾಗಗಳಿಗೆ ಸುದ್ದಿ ಕಳಿಸುತ್ತದೆ, ಅವು ಉತ್ತರ ಕೊಡುತ್ತವೆ. ಹೀಗೆ ಹೋಗಿ ಬರುವ ಮಾತುಕತೆಯಿಂದಲೇ ನಾನು ಕೇಳುತ್ತಿದ್ದೇನೆ ಎನ್ನುವ ಅರಿವು ಉಂಟಾಗುವುದು ಎಂದು ಈಗ ತಿಳಿದವರು ಹೇಳುತ್ತಾರೆ. ಔಷಧಿ ಹೆಚ್ಚಾದಂತೆ ಆ ಮಾತುಕತೆ ಕಡಿದುಹೋಗುತ್ತದೆ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರಲ್ಲೂ ಸುಮಾರು ಹಾಗೇ. ಎಲ್ಲೋ ಕೆಲವು ಭಾಗ ಕೆಲಸ ಮಾಡುತ್ತಿರುತ್ತದೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಪೂರ್ತಿ ಹೇಗೆ ಎಂದು ನಮಗೂ ಗೊತ್ತಿಲ್ಲ, ದಿನವೂ ಮಾಡುತ್ತೇವೆ ಅಷ್ಟೇ ಎಂದೆ.

ಅವಳು ಯೋಚಿಸಿ, ‘ಎಲ್ಲ ಮನೆಯಲ್ಲೂ ಹಾಲು ಕರೆದಾಗಿದೆ, ಸೊಸೈಟಿಯ ಬಾಗಿಲು ಮಾತ್ರ ತೆಗೀಲಿಲ್ಲ. ಹಾಗಾ?’ ಎಂದಳು.

ನಾನು ಎಷ್ಟೋ ವರ್ಷ ಓದಿದ್ದನ್ನು ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ಅವರು ಹೋದ ಮೇಲೆ ವಸಂತಿ ಮೇಡಂಗೆ ಫೋನು ಮಾಡಿ, ನಿಜ ಹೇಳಿಬಿಟ್ಟೆ ಎಂದೆ. ಅವರು ಬೈಯಲಿಲ್ಲ. ನೀವು ಒಪ್ಪಿಕೊಂಡದ್ದು ನಿಮ್ಮ ತಪ್ಪು ಮಾತ್ರ ಅಲ್ಲ, ನನ್ನ ಆಸ್ಪತ್ರೆಯ ಹೆಸರೂ ಅದರೊಟ್ಟಿಗೆ ಹೋಯಿತು, ಒಂದು ಮಾತು ನನ್ನ ಹತ್ತಿರ ಕೇಳಬಹುದಿತ್ತು ಎಂದು ಫೋನಿಟ್ಟರು. ಅದು ನಿಜವೇ. ಕೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಿರಲಿಲ್ಲ. ಜನಾರ್ದನ ಯಾವ ದೂರನ್ನೂ ಕೊಡಲಿಲ್ಲ. ಆದರೆ ಸುದ್ದಿ ತಾನಾಗಿ ಹಬ್ಬಿತು. ಸುಳ್ಯದ ಫೋನುಗಳು ನಿಂತವು. ಕಡಬದವರು ಬೇರೆ ಒಬ್ಬರನ್ನು ನೋಡಿಕೊಂಡರು. ಪುತ್ತೂರಿನಲ್ಲಿ ಒಂದು ಆಸ್ಪತ್ರೆ ಮಾತ್ರ ಉಳಿಯಿತು. ಆ ಡಾಕ್ಟ್ರು ಪೇಷಂಟಿನ ಹತ್ತಿರ ಎಲ್ಲ ಹೇಳಿಬಿಡ್ತಾರೆ ಎನ್ನುವ ಮಾತು ನನ್ನ ಕಿವಿಗೂ ಬಿತ್ತು.

ಆ ತಿಂಗಳುಗಳು ಉದ್ದವಾಗಿದ್ದವು. ಮಳೆ ಹಿಂದೆ ಸರಿದು ಬಿಸಿಲು ಬಂತು. ನವರಾತ್ರಿಗೆ ಹುಲಿವೇಷದವರ ತಾಸೆ ವಾದ್ಯದ ಸದ್ದು ಬೀದಿಯುದ್ದಕ್ಕೂ ಹೋಗುತ್ತಿದ್ದಾಗ ಕಿಟಕಿಯಲ್ಲಿ ನಿಂತು ನೋಡಿದೆ. ದಿನಕ್ಕೆ ಇಪ್ಪತ್ತು ಸಲ ಬಡಿದುಕೊಳ್ಳುತ್ತಿದ್ದ ಫೋನು ಎರಡು ಮೂರು ದಿನ ಸುಮ್ಮನಿರುತ್ತಿತ್ತು. ಕೆಟ್ಟಿದೆಯೇನೋ ಎಂದು ಒಮ್ಮೆ ಬಳ್ಳಾರಿಯಲ್ಲಿದ್ದ ತಮ್ಮನಿಗೆ ನಾನೇ ಕರೆ ಮಾಡಿ ನೋಡಿದೆ. ಅವನು ಮೀಟಿಂಗಿನಲ್ಲಿದ್ದೇನೆ ಎಂದ. ಎಷ್ಟೋ ಸಂಜೆ ಆ ಹತ್ತು ನಿಮಿಷವನ್ನು ತಲೆಯಲ್ಲಿ ಮತ್ತೆ ನಡೆಸಿದ್ದೇನೆ. ಪ್ರತಿಸಲವೂ ಹತ್ತಿ ಹಿಡಿದ ನನ್ನ ಕೈ ಅವಳ ಕಣ್ಣಿನ ಹತ್ತಿರ ಹೋಗುವಲ್ಲಿಗೆ ಬಂದು ಎದ್ದು ಓಡಾಡುತ್ತಿದ್ದೆ.

ನವೆಂಬರಿನ ಒಂದು ಭಾನುವಾರ ತಡೆಯಲಾಗದೆ ಗುತ್ತಿಗಾರಿಗೆ ಹೋದೆ. ಹಾಲಿನ ಸೊಸೈಟಿಯಲ್ಲಿ ಕೇಳಿದಾಗ ಮನೆಯ ದಾರಿ ತೋರಿಸಿದರು, ಮೇಲಿನ ತೋಟಕ್ಕೆ ಆನೆ ಬಂದಿದೆ, ಸಂಜೆಗೆ ಮೊದಲು ಹಿಂದೆ ಹೋಗಿ ಎಂದೂ ಹೇಳಿದರು. ಕುಸುಮಾವತಿ ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಮಗುಚುತ್ತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಬನ್ನಿ, ಕುಳಿತುಕೊಳ್ಳಿ ಎಂದು ಬೆಲ್ಲ ನೀರು ತಂದಿಟ್ಟಳು. ಕನಸಲ್ಲ ಎಂದು ತಿಳಿದ ಮೇಲೆ ಮನೆಯಲ್ಲಿ ಮಾತು ಸರಿಯಾಗಿದೆ, ಮಗಳು ಮತ್ತೆ ಪಕ್ಕದಲ್ಲಿ ಮಲಗುತ್ತಾಳೆ ಎಂದಳು. ಆದರೆ ನಿದ್ದೆ ಎರಡು ಗಂಟೆಗಿಂತ ಹೆಚ್ಚು ಬರುವುದಿಲ್ಲ, ಐದಕ್ಕೆ ತೆರೆಯುವ ಸೊಸೈಟಿಯ ಮೆಟ್ಟಿಲಲ್ಲಿ ನಾಲ್ಕಕ್ಕೇ ಹೋಗಿ ಕೂರುತ್ತೇನೆ ಎಂದಳು. ಮಾತಾಡುತ್ತಲೇ ಅವಳ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಏನದು ಎಂದು ಕೇಳಿದೆ. ಮೊದಲು ಏನಿಲ್ಲ ಎಂದಳು. ಆಮೇಲೆ ಒಳಗೆ ಕರೆದು ತೋರಿಸಿದಳು. ಹಾಲಿನ ಕ್ಯಾನು ಎತ್ತಿ ಎತ್ತಿ ಹಳೆಯ ಹೊಲಿಗೆಯ ಜಾಗ ಬಿಟ್ಟುಕೊಂಡು, ಕರುಳು ಮುಷ್ಟಿಯಷ್ಟು ದಪ್ಪಕ್ಕೆ ಹೊರಗೆ ಉಬ್ಬಿತ್ತು.

ಅದು ಎಂದಾದರೂ ಸಿಕ್ಕಿಹಾಕಿಕೊಂಡರೆ ಜೀವಕ್ಕೆ ಅಪಾಯ, ಆಪರೇಷನ್ ಮಾಡಿಸಲೇಬೇಕು ಎಂದೆ. ಅವಳು ಸೆರಗು ಸರಿಮಾಡಿಕೊಂಡು, ಸತ್ತರೆ ಮನೆಯಲ್ಲೇ ಸಾಯುತ್ತೇನೆ, ಆ ಮೇಜಿನ ಮೇಲೆ ಇನ್ನು ಮಲಗುವುದಿಲ್ಲ ಎಂದಳು. ಅದನ್ನು ಬದಲಿಸಲು ಎರಡು ತಿಂಗಳು ಹಿಡಿಯಿತು. ಜನಾರ್ದನ ಹೇಳಿ ಸೋತರು. ನಾನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಆಪರೇಷನ್ನಿನ ಮಾತೆತ್ತಿದರೆ ಅವಳು ಸೊಸೈಟಿಯ ಸುದ್ದಿ ಹೇಳುತ್ತಿದ್ದಳು. ಆ ವಾರಗಳಲ್ಲಿ ನನ್ನ ಜೊತೆ ಹತ್ತು ನಿಮಿಷ ಮಾತಾಡುತ್ತಿದ್ದ ಇನ್ನೊಬ್ಬರು ಇರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕ್ಯಾನು ಎತ್ತುವಾಗ ನೋವಿನಿಂದ ಕುಸಿದು ಕೂತಳಂತೆ. ಆ ದಿನ ಅವಳೇ ಕರೆ ಮಾಡಿದಳು.

ಸೊಂಟದಿಂದ ಕೆಳಗೆ ಮರಗಟ್ಟಿಸಿ, ಎಚ್ಚರವಾಗಿಟ್ಟೇ ಮಾಡಲು ಆಗುತ್ತದೆಯೇ ಎಂದು, ಪುತ್ತೂರಿನಲ್ಲಿ ನನಗೆ ಉಳಿದಿದ್ದ ಆ ಒಂದು ಆಸ್ಪತ್ರೆಯ ಸರ್ಜನ್ ಹತ್ತಿರ ಕೇಳಿದ್ದೆ. ಕಷ್ಟ, ಆದರೆ ಪ್ರಯತ್ನಿಸಬಹುದು ಎಂದಿದ್ದರು. ಅವಳಿಗೆ ಹೇಳಿದಾಗ ತಕ್ಷಣ ಬೇಡ ಎಂದಳು.

‘ಎಚ್ಚರ ಇದ್ದದ್ದು ಸಾಕು ನನಗೆ. ಸರಿ ಮಾಡಿ ಮಲಗಿಸಿ. ಆದ್ರೆ ನೀವೇ ಬೇಕು.’

ಯಾಕೆ ನಾನೇ ಎಂದು ಕೇಳಿದೆ. ಬೇರೆಯವರು ತಪ್ಪಿದರೆ ಒಪ್ಪಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲವಲ್ಲ ಎಂದಳು.

ಮೆದುಳಿನ ಅಲೆಗಳನ್ನು ನೋಡಿ ನಿದ್ದೆ ಎಷ್ಟು ಆಳವಾಗಿದೆ ಎಂದು ತೋರಿಸುವ ಯಂತ್ರ ಈಗ ನನ್ನ ಹತ್ತಿರ ಇದೆ. ಆಗ ಅಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದ ಒಂದು ಹಳೆಯ ಉಪಾಯ ಇತ್ತು. ಸ್ನಾಯು ಸಡಿಲಿಸುವ ಔಷಧಿ ಕೊಡುವ ಮೊದಲು ಒಂದು ಮುಂಗೈಗೆ ಬಿಪಿ ನೋಡುವ ಪಟ್ಟಿ ಸುತ್ತಿ ಬಿಗಿಯಾಗಿ ಗಾಳಿ ತುಂಬಿದರೆ, ಔಷಧಿ ಆ ಕೈಗೆ ಇಳಿಯುವುದಿಲ್ಲ. ಮೈಯೆಲ್ಲ ಬಿದ್ದುಹೋದರೂ ಆ ಒಂದು ಅಂಗೈ ಅವಳದಾಗಿಯೇ ಉಳಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಟ್ಟಿ ಬಿಚ್ಚಿದರೂ ಕೈಗೆ ಶಕ್ತಿ ಇರುತ್ತದೆ. ಹಿಂದಿನ ದಿನ ಹಾಸಿಗೆಯ ಪಕ್ಕ ಕೂತು ಇದನ್ನು ವಿವರಿಸಿದೆ. ನಾನು ನಿಮ್ಮ ಕೈ ಹಿಡಿದುಕೊಂಡೇ ಇರುತ್ತೇನೆ, ಆಗಾಗ ಹೆಸರು ಹಿಡಿದು ಕರೆಯುತ್ತೇನೆ, ಕೇಳಿಸಿದರೆ ಹಿಸುಕಿ ಎಂದೆ. ಅವಳು ನನ್ನ ಬೆರಳುಗಳನ್ನು ಹಿಡಿದು ಒಮ್ಮೆ ಹಿಸುಕಿ, ಇಷ್ಟು ಸಾಕಾ ಎಂದು ಕೇಳಿದಳು. ಹಾಲಿನ ಕ್ಯಾನು ಎತ್ತುವ ಕೈ. ನನ್ನ ಉಂಗುರದ ಬೆರಳು ನೋಯಿತು. ಸಾಕು ಎಂದೆ.

ಜನವರಿಯ ಆ ಬೆಳಿಗ್ಗೆ ಥಿಯೇಟರಿನಲ್ಲಿ ಬೇಡದ ಮಾತು ಯಾರೂ ಆಡಬಾರದು ಎಂದು ಸರ್ಜನ್ ಹತ್ತಿರ ಕೇಳಿಕೊಂಡಿದ್ದೆ, ಅವರು ಒಪ್ಪಿದ್ದರು. ಪಟ್ಟಿ ಸುತ್ತಿದೆ. ನಿದ್ದೆಯ ಔಷಧಿ ಈ ಸಲ ಪೂರ್ತಿ. ಬಿಳಿಯ ಔಷಧಿ ನಳಿಗೆಯಲ್ಲಿ ಇಳಿಯುತ್ತಿದ್ದಾಗ ಅವಳು ಮಗಳ ಶಾಲೆಯ ವಿಷಯ ಏನೋ ಹೇಳುತ್ತಿದ್ದಳು. ಮಾತು ನಿಧಾನವಾಯಿತು, ಒಂದು ಪದ ಅರ್ಧಕ್ಕೆ ನಿಂತಿತು. ಮುಖದಲ್ಲಿದ್ದ ಅವಳು ಅಲ್ಲಿಂದ ಹೋದಳು. ಸಾವಿರಾರು ಸಲ ನೋಡಿದ್ದನ್ನು ಆ ದಿನ ಮೊದಲ ಸಲದಂತೆ ನೋಡಿದೆ.

ಅವಳ ಬಲಗೈಯನ್ನು ನನ್ನ ಎಡಗೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತೆ. ಉಳಿದ ಕೆಲಸವನ್ನೆಲ್ಲ ಒಂದೇ ಕೈಯಲ್ಲಿ ಮಾಡಿದೆ. ಐದು ನಿಮಿಷಕ್ಕೊಮ್ಮೆ ಕಿವಿಯ ಹತ್ತಿರ ಬಗ್ಗಿ, ‘ಕುಸುಮಾವತಿ, ಕೇಳಿಸ್ತಿದ್ರೆ ಕೈ ಹಿಸುಕಿ’ ಎಂದು ಕರೆದೆ. ಕೈ ಸುಮ್ಮನಿತ್ತು. ಕತ್ತರಿಸುವಾಗ ಕರೆದೆ, ಕರುಳನ್ನು ಒಳಗೆ ತಳ್ಳುವಾಗ ಕರೆದೆ, ಹೊಲಿಯುವಾಗ ಕರೆದೆ. ಅಲುಗಲಿಲ್ಲ. ಕಣ್ಣಿನ ಅಂಚು ಒಣಗಿತ್ತು. ಅಷ್ಟು ದೀರ್ಘ ಹೊತ್ತು ನಾನು ಯಾರ ಕೈಯನ್ನೂ ಹಿಡಿದು ಕೂತಿರಲಿಲ್ಲ, ಅಮ್ಮನದ್ದನ್ನು ಬಿಟ್ಟರೆ. ಆ ಕೈಗೆ ನಾನು ಅಲ್ಲಿರುವುದು ತಿಳಿಯದಿರಲಿ ಎಂದೇ ಒಂದು ಗಂಟೆಗೂ ಮೀರಿ ಹಾರೈಸುತ್ತಿದ್ದೆ. ಕೊನೆಕೊನೆಗೆ, ಒಂದೇ ಒಂದು ಸಲ ಹಿಸುಕಿದರೆ ಎಂದು ಆಸೆಯೂ ಆಯಿತು. ನಾಚಿಕೆಯಿಂದ ಆ ಯೋಚನೆಯನ್ನು ದೂರ ತಳ್ಳಿದೆ.

ಗಂಟಲಿನ ನಳಿಗೆ ತೆಗೆದ ಮೇಲೆ ಅವಳು ಕೆಮ್ಮಿ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

‘ಯಾವಾಗ ಶುರು ಮಾಡುದು?’ ಎಂದಳು.

ಮುಗಿಯಿತು ಎಂದೆ. ನಂಬದೆ ಹೊಟ್ಟೆಯ ಮೇಲಿನ ಬ್ಯಾಂಡೇಜನ್ನು ಮುಟ್ಟಿ ನೋಡಿಕೊಂಡಳು. ನೀವು ಕರೆದಿರಾ ಎಂದು ಕೇಳಿದಳು. ಕರೆದೆ, ತುಂಬಾ ಸಲ ಎಂದೆ. ನನಗೆ ಒಂದೂ ಕೇಳಲಿಲ್ಲ ಎನ್ನುತ್ತ, ಒಣಗಿದ ತುಟಿಯಲ್ಲೇ ನಗುತ್ತ ಮತ್ತೆ ಕಣ್ಣು ಮುಚ್ಚಿದಳು. ಹೊರಗೆ ಜನಾರ್ದನ ಗೋಡೆಗೆ ಒರಗಿ ನಿಂತಿದ್ದರು. ಏನೂ ಗೊತ್ತಾಗಿಲ್ಲ ಎಂದಷ್ಟೇ ಹೇಳಿದೆ. ಅವರು ಕೈ ಮುಗಿದರು.

ನಾಲ್ಕು ದಿನಕ್ಕೆ ಅವಳನ್ನು ಮನೆಗೆ ಕಳಿಸಿದರು. ಮತ್ತೆ ಒಂದು ವಾರ ಯಾವ ಸುದ್ದಿಯೂ ಇರಲಿಲ್ಲ. ನಾನು ಅಷ್ಟರಲ್ಲಿ ದಾವಣಗೆರೆಯ ಕೆಲಸಕ್ಕೆ ಅರ್ಜಿ ಹಾಕಿ, ಮಾರ್ಚಿನಲ್ಲಿ ಮನೆ ಬಿಡುವುದೆಂದು ಕೆಳಗಿನ ಅಮ್ಮನಿಗೆ ಹೇಳಿ ಆಗಿತ್ತು. ಒಂದು ಬೆಳಿಗ್ಗೆ ಏಳೂಕಾಲಕ್ಕೆ ಜನಾರ್ದನ ಫೋನು ಮಾಡಿದರು. ದನಿಯಲ್ಲಿ ಗಾಬರಿ.

‘ಮೇಡಂ, ಅವಳು ಇನ್ನೂ ಎದ್ದಿಲ್ಲ. ನಿನ್ನೆ ಒಂಬತ್ತಕ್ಕೆ ಮಲಗಿದ್ದು. ಎಬ್ಬಿಸುದಾ?’

ಉಸಿರಾಟ ಹೇಗಿದೆ ನೋಡಿ ಎಂದೆ. ಅವರು ಫೋನು ಹಿಡಿದುಕೊಂಡೇ ಒಳಗೆ ಹೋದರು. ಮೆಟ್ಟಿಲು ಹತ್ತಿದ ಸದ್ದು, ಬಾಗಿಲಿನ ಸದ್ದು ಕೇಳಿಸಿತು. ಗೊರಕೆ ಹೊಡೆಯುತ್ತಿದ್ದಾಳೆ ಎಂದು ಪಿಸುಗುಟ್ಟಿದರು. ಹಾಗಾದರೆ ಬಿಡಿ, ಮಲಗಲಿ ಎಂದೆ. ಸೊಸೈಟಿಗೆ ತಾನೇ ಹೋಗಿ ಬಂದೆ, ಹಾಲು ತಂದವರೆಲ್ಲ ಅವಳನ್ನು ಕೇಳಿದರು, ಮಲಗಿದ್ದಾಳೆ ಅಂತ ಹೇಳಿದೆ, ಯಾರೂ ಜೋರಾಗಿ ಮಾತಾಡಲಿಲ್ಲ ಎಂದರು. ಮಾತು ಮುಗಿದರೂ ಫೋನಿಡಲು ಅವರಿಗೂ ಮನಸ್ಸಿದ್ದಂತೆ ಕಾಣಲಿಲ್ಲ.

ಅವರು ಇಟ್ಟ ಮೇಲೆ ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ತಮ್ಮನ ಹೆಸರು ಬಂತು, ಕಾಲೇಜಿನ ಗೆಳತಿಯರ ಹೆಸರು ಬಂತು, ಈಗ ಕರೆಯದ ಆಸ್ಪತ್ರೆಗಳ ಹೆಸರು ಬಂತು. ಯಾರಿಗೆ ಹೇಳಬೇಕೆಂದರೂ ಮೊದಲಿನಿಂದ ಹೇಳಬೇಕಿತ್ತು. ಕೊನೆಗೆ ವಸಂತಿ ಮೇಡಂಗೆ ಮಾಡಿದೆ. ಆರು ತಿಂಗಳ ಮೇಲೆ ಮೊದಲ ಕರೆ. ತೆಗೆಯುವುದಿಲ್ಲ ಎಂದುಕೊಂಡೆ, ತೆಗೆದರು.

‘ಮೇಡಂ, ಅವರು ಮಲಗಿದ್ದಾರಂತೆ. ಮಲಗಿ ಹತ್ತು ತಾಸಾಯಿತು, ಇನ್ನೂ ಎದ್ದಿಲ್ಲ,’ ಎಂದೆ.

ಈ ಸಲ ಅವರು ಫೋನಿಡಲಿಲ್ಲ. ಮಲಗಿದ್ದು ಯಾರು ಎಂದೂ ಕೇಳಲಿಲ್ಲ.